ಕಳ್ಳ ಕುಬಸ ಮತ್ತು ಪಡಸಾಲೆಯ ಟಿವಿ

ಅಕ್ಕ ಬಸುರಿ ಎಂಬ ಸುದ್ದಿಯನ್ನು ಅವಳ ಗಂಡನ ಮನೆಯವರಿಗೆ ಮೊದಲು ಹೇಳಿದ್ದು ಟಿವಿ.

ಕೇಳಿದವರು ನಗುತ್ತಾರೆ. ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಆಮೇಲೂ ನಗು ಬಂದರೆ ನನ್ನ ತಕರಾರಿಲ್ಲ.

ಅಕ್ಕನನ್ನು ಕೊಟ್ಟದ್ದು ಅಫಜಲಪುರ ತಾಲ್ಲೂಕಿನ ಹವಳಗಾಕ್ಕೆ. ಕಬ್ಬಿನ ಹೊಲ, ಟ್ರ್ಯಾಕ್ಟರ್, ತುಂಬಿದ ಮನೆ. ವ್ಯವಹಾರವೆಲ್ಲ ಅವಳ ಗಂಡನ ಅಣ್ಣನ ಕೈಯಲ್ಲಿ. ಅಕ್ಕ ಅವರನ್ನು ಭಾವ ಎನ್ನುತ್ತಾಳೆ, ಕೇಳಿ ಕೇಳಿ ನಾನೂ ಹಾಗೇ ಕರೆಯುತ್ತೇನೆ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಮೇಲೆ ನನಗೆ ಬಹಳ ಸಿಟ್ಟು ಬರಲಿದೆ. ಮನೆಯಲ್ಲಿ ಯಾರಿಗೆ ಹೊಸ ಫೋನ್ ಬೇಕಾದರೂ ಭಾವನೇ ಅಫಜಲಪುರದ ಮೊಬೈಲ್ ಅಂಗಡಿಗೆ ಕರೆದೊಯ್ಯುತ್ತಿದ್ದರು. ಅಂಗಡಿಯವನು ಫೋನ್ ಚಾಲೂ ಮಾಡುತ್ತ, “ಇಮೇಲ್ ಅದೇನ್ರಿ?” ಎಂದು ಕೇಳುತ್ತಿದ್ದ. ಭಾವ ಪ್ರತಿ ಸಲವೂ ತಮ್ಮದನ್ನೇ ಕೊಡುತ್ತಿದ್ದರು, ಮನೆಯ ವಿಳಾಸ ಕೊಟ್ಟಷ್ಟು ಸಲೀಸಾಗಿ. ಅಕ್ಕನ ಅತ್ತೆಯ ಫೋನಿಗೂ ಅದೇ, ಅವಳ ಗಂಡನ ಫೋನಿಗೂ ಅದೇ, ಅಕ್ಕನ ಫೋನಿಗೂ ಅದೇ. ಒಂದೇ ಮನೆ, ಒಂದೇ ಒಲೆ, ಒಂದೇ ಇಮೇಲ್. ಅದರಲ್ಲೊಂದು ಹೆಮ್ಮೆಯೂ ಇತ್ತು. ಕೊನೆಗೆ ಪಡಸಾಲೆಗೆ ಗೋಡೆಯಗಲದ ಟಿವಿ ಬಂದಾಗ ಅದಕ್ಕೂ ಅದೇ ಇಮೇಲ್ ಹಾಕಿದರು.

ಎರಡು ವರ್ಷದ ಹಿಂದೆ ಅಕ್ಕನಿಗೆ ಮೂರು ತಿಂಗಳಾಗಿದ್ದಾಗ ಗಂಡನಿಗಲ್ಲದೆ ಬೇರೆ ಯಾರಿಗೂ ಹೇಳಿರಲಿಲ್ಲ. ಅದು ಅವಳ ಆಸೆಯೂ ಹೌದು, ನಮ್ಮ ಕಡೆಯ ಪದ್ಧತಿಯೂ ಹೌದು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಫೋನಿನಲ್ಲಿ ವಿಡಿಯೋ ಹುಡುಕಿ ನೋಡುತ್ತಿದ್ದಳು. ಪಪ್ಪಾಯಿ ತಿನ್ನಬಹುದೇ, ತುಂಬಿದ ಕೊಡ ಎತ್ತಬಹುದೇ, ಸೊಂಟ ನೋಯುವುದು ಸಹಜವೇ. ಒಂದು ಸಂಜೆ ಭಾವ ಸಕ್ಕರೆ ಕಾರ್ಖಾನೆಯ ಕಡೆಯಿಂದ ಬಂದ ಇಬ್ಬರನ್ನು ಕೂರಿಸಿಕೊಂಡು ಸುದ್ದಿ ನೋಡಲೆಂದು ಟಿವಿ ಹಚ್ಚಿದರು. ಅಕ್ಕನ ಫೋನಿನದೂ ಟಿವಿಯದೂ ಒಂದೇ ಇಮೇಲ್ ಅಲ್ಲವೇ, ಸುದ್ದಿ ಬರುವ ಮೊದಲೇ ಪರದೆಯ ಉದ್ದಕ್ಕೂ ವಿಡಿಯೋಗಳ ಒಂದು ಸಾಲು ಬಂತು: ಮೂರನೇ ತಿಂಗಳ ಬಸುರಿಯ ಊಟ, ಗರ್ಭಿಣಿ ಯಾವ ಮಗ್ಗುಲಿಗೆ ಮಲಗಬೇಕು, ಹೊಟ್ಟೆ ನೀವಿಕೊಂಡು ನಗುವ ಹೆಂಗಸರು, ಒಬ್ಬರ ಪಕ್ಕ ಒಬ್ಬರು.

ಒಳಬಾಗಿಲಲ್ಲಿ ನಿಂತಿದ್ದ ಅತ್ತೆ, “ಇದೇನ್ ಹಚ್ಚೀಯೋ? ಯಾರ್ ನೋಡ್ಯಾರ ಇದು?” ಎಂದರು.

“ನಾ ಅಲ್ಲಬೇ!” ಎಂದರು ಭಾವ, ಮುಖ ಕೆಂಪಾಗಿ.

ಅತ್ತೆ ಅಲ್ಲ, ಭಾವ ಅಲ್ಲ. ಎಲ್ಲರ ಕಣ್ಣೂ ಚಹಾದ ಕಪ್ಪು ಹಿಡಿದು ನಿಂತಿದ್ದ ಅಕ್ಕನ ಮೇಲೆ ಬಿದ್ದವು. ಬಂದ ಇಬ್ಬರ ಕಣ್ಣೂ ಸೇರಿ. ಮರುದಿನ ಹಿಟ್ಟಿನ ಗಿರಣಿಯಲ್ಲಿ ಅವಳಿಗೆ ಪಾಳಿ ಬಿಟ್ಟುಕೊಟ್ಟರಂತೆ, ಬಸುರಿ ನಿಲ್ಲಬಾರದು ಎಂದು.

ನಾಲ್ಕನೇ ತಿಂಗಳಲ್ಲಿ ಗರ್ಭ ನಿಲ್ಲಲಿಲ್ಲ.

ಟಿವಿಯಿಂದ ಹಾಗಾಯಿತು ಎಂದು ನಾನು ಹೇಳುತ್ತಿಲ್ಲ. ಒಂದರ ಹಿಂದೆ ಇನ್ನೊಂದು ಬಂತೆಂದು ಮೊದಲಿನದನ್ನೇ ಕಾರಣವೆನ್ನುವುದು ಚರ್ಚೆಯಲ್ಲಿ ಮಾಡುವ ಮೊದಲ ತಪ್ಪು, ಅದನ್ನು ನಾನು ಮಾಡುವುದಿಲ್ಲ. ಟಿವಿ ಕಸಿದದ್ದು ಬೇರೆ. ಸದ್ದಿಲ್ಲದೆ ಅತ್ತು ಮುಗಿಸುವ ಅವಕಾಶವನ್ನು ಅದು ಕಸಿಯಿತು. ಯಾರಿಗೆಲ್ಲ ಸುದ್ದಿ ಮುಟ್ಟಿತ್ತೋ ಅವರೆಲ್ಲ ಕೇಳಲು ಬಂದರು. ಗಿರಣಿಯಲ್ಲಿ ಕೇಳಿದರು, ಬಸ್ಸಿನಲ್ಲಿ ಕೇಳಿದರು, ಮುಖವನ್ನೇ ನೋಡದ ಬೀಗರು ಫೋನ್ ಹಚ್ಚಿ ಕೇಳಿದರು. ಕೊಡ ಎತ್ತಿದ್ದೆಯಾ, ಏನು ತಿಂದಿದ್ದೆ, ಎಲ್ಲಿಗೆ ಹೋಗಿದ್ದೆ. “ಹೊಟ್ಟಿ ನೋವಿಗಿಂತಾ ಮಂದಿಗಿ ಉತ್ತರಾ ಹೇಳಿ ಹೇಳಿ ಹೈರಾಣ ಆಗೇನಿ,” ಎಂದಿದ್ದಳು ಅಕ್ಕ. ಆ ಮಾತು ನನ್ನೊಳಗೆ ಕೂತುಬಿಟ್ಟಿತು.

ನನ್ನ ವಿಷಯ ಸ್ವಲ್ಪ ಹೇಳಬೇಕು. ಆಳಂದ ತಾಲ್ಲೂಕಿನ ನರೋಣಾ ನಮ್ಮೂರು. ಅಲ್ಲಿಂದ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಕಾನೂನು ಓದುತ್ತೇನೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯೇ ನನ್ನ ಆಟದ ಮೈದಾನ. ಚೀಟಿ ಎತ್ತಿದಾಗ ‘ಪರ’ ಬಂದರೆ ನನಗೆ ಬೇಜಾರು, ‘ವಿರೋಧ’ ಬಂದರೆ ಹಬ್ಬ. ಮನೆಯಲ್ಲಿ ನನಗೆ ವಿರೋಧ ಪಕ್ಷ ಎಂದೇ ಹೆಸರು. ಅಕ್ಕನ ಪ್ರಸಂಗ ಆದಮೇಲೆ ನಾನು ನನ್ನ ಫೋನನ್ನು ದೊಡ್ಡ ಕಂಪನಿಗಳ ಕೈಯಿಂದ ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳತೊಡಗಿದೆ. ಎಲ್ಲರೂ ಬಳಸುವ ಸಂದೇಶದ ಆ್ಯಪ್ ಬಿಟ್ಟೆ, ನನ್ನ ಬಗ್ಗೆ ಲೆಕ್ಕ ಇಡದ, ಜನ ಕೊಟ್ಟ ದೇಣಿಗೆಯ ಮೇಲೆ ನಡೆಯುವ ಇನ್ನೊಂದನ್ನು ಹಾಕಿಕೊಂಡೆ. ಹುಡುಕಿದ್ದನ್ನು ನೆನಪಿಟ್ಟುಕೊಳ್ಳದ ಹುಡುಕಾಟದ ತಾಣ. ಇಮೇಲ್ ಕೇಳದೆ ವಿಡಿಯೋ ತೋರಿಸುವ ಆ್ಯಪ್. ಸ್ವಯಂಸೇವಕರು ಕೂಡಿ ಬರೆದ ನಕಾಶೆ. ಅದರಲ್ಲಿ ನಮ್ಮ ಹೊಲದ ಬಂಡಿದಾರಿ ಇರಲಿಲ್ಲ, ನಾನೇ ಕೂತು ಗೆರೆ ಎಳೆದು ಸೇರಿಸಿದೆ. ಆ ಗೆರೆ ನೋಡಿದಾಗಲೆಲ್ಲ ಇವತ್ತಿಗೂ ಹಿಗ್ಗುತ್ತೇನೆ.

ಇವುಗಳನ್ನು ಕಣ್ಣು ಮುಚ್ಚಿ ನಂಬಿದೆನೆಂದು ತಿಳಿಯಬೇಡಿ. ಅನುಮಾನ ನನ್ನ ಕಸುಬು. ‘ನಿಮ್ಮ ಖಾಸಗಿತನ ನಮಗೆ ಮುಖ್ಯ’ ಎಂದು ದೊಡ್ಡ ಕಂಪನಿಗಳೂ ಬರೆದುಕೊಳ್ಳುತ್ತವೆ, ಸಣ್ಣವೂ ಬರೆದುಕೊಳ್ಳುತ್ತವೆ. ನಾನು ಕೇಳುವ ಪ್ರಶ್ನೆ ಒಂದೇ: ಇವರ ಹೊಟ್ಟೆ ತುಂಬುವುದು ಎಲ್ಲಿಂದ? ನನ್ನನ್ನು ಅರಿತು ಆ ಅರಿವನ್ನೇ ಮಾರಿ ಬದುಕುವವರು ಎಷ್ಟು ಸಿಹಿ ಮಾತಾಡಿದರೂ ನನ್ನನ್ನು ಅರಿಯುವುದನ್ನು ನಿಲ್ಲಿಸಲಾರರು. ಆ ಉತ್ತರ ನೋಡಿಕೊಂಡು ಆರಿಸಿದೆ, ಅಷ್ಟೆ. ಹೊಸ ಸಂದೇಶದ ಆ್ಯಪಿನಲ್ಲಿ ನನ್ನೊಂದಿಗೆ ಇದ್ದವರು ಕಾಲೇಜಿನ ಇಬ್ಬರು ಗೆಳತಿಯರು. ಮದುವೆಯ ಕರೆ ತಪ್ಪಿತು, ಪರೀಕ್ಷೆಯ ಸುದ್ದಿ ತಡವಾಗಿ ಬಂತು. ಬರಲಿ ಎಂದೆ.

ನಾಲ್ಕೈದು ತಿಂಗಳ ಹಿಂದೆ, ತೊಗರಿ ಹೂ ಬಿಡುವ ಹೊತ್ತಿಗೆ, ಅಕ್ಕ ನರೋಣಾಕ್ಕೆ ಬಂದಳು. ಮಾಳಿಗೆಯ ಮೇಲೆ ಹಪ್ಪಳ ಹಾಕುತ್ತಿದ್ದ ನನ್ನ ಪಕ್ಕ ಬಂದು ಕೂತು, “ಮತ್ತ ಬಸರಾಗೇನಿ,” ಎಂದಳು. ನಾನು ಎದ್ದು ಕುಣಿಯುವಷ್ಟರಲ್ಲಿ ಕೈ ಹಿಡಿದು ಕೂರಿಸಿದಳು.

“ಕೂಗಬ್ಯಾಡ. ಅಫಜಲಪುರದಾಗ ಡಾಕ್ಟರಮ್ಮಗ ತೋರಿಸೇನಿ. ನಮ್ಮನಿಯವ್ರಿಗಿ ಗೊತ್ತದ, ಈಗ ನಿನಗ. ಈ ಸಲ ನಾ ಬಾಯಿಬಿಟ್ಟು ಹೇಳೋತನಕಾ ಯಾರಿಗೂ ಗೊತ್ತಾಗಬಾರದು. ನಿನ್ನ ವಾದ ಗೀದ ಏನೇನೋ ಕಲ್ತೀಯಲ್ಲ, ಏನರ ಮಾಡು.”

ಅಷ್ಟು ವರ್ಷ ಚರ್ಚೆ ಮಾಡಿದ್ದೆ. ಗೆದ್ದರೆ ಢಾಲು, ಸೋತರೆ ಚಹಾ. ಇಲ್ಲಿ ಸೋತರೆ ಏನೆಂದು ಇಬ್ಬರಿಗೂ ಗೊತ್ತಿತ್ತು.

ಅವಳ ಫೋನ್ ತೆಗೆದುಕೊಂಡು ಕೂತೆ. ಒಳಗೆ ಭಾವನ ಇಡೀ ಸಂಸಾರ. ಟ್ರ್ಯಾಕ್ಟರ್ ಡ್ರೈವರುಗಳ ನಂಬರು, ಗೊಬ್ಬರದಂಗಡಿಗಳ ನಂಬರು, ಒಡೆದ ಟೈರಿನ ಫೋಟೋ, ಕುಂಟುವ ಎತ್ತಿನ ಗೊರಸಿನ ಫೋಟೋ. ಅಕ್ಕ ನಕ್ಕು, “ಇದೆಲ್ಲಾ ನನ್ನ ಫೋನಿನ್ಯಾಗ ಯಾಕದ ಅಂತ ನಾ ಎಂದೂ ಕೇಳಿಲ್ಲ ನೋಡು,” ಎಂದಳು. ಆಮೇಲೆ ನಾನು ಇನ್ನೊಂದು ಪುಟ ತೆಗೆದೆ. ಫೋನ್ ಎಲ್ಲೆಲ್ಲಿ ಹೋಗಿತ್ತು ಎಂಬುದರ ಪುಟ. ಅದರಲ್ಲಿ ಡಾಕ್ಟರಮ್ಮನ ಆಸ್ಪತ್ರೆ, ಒಂದು ಕೆಂಪು ಚುಕ್ಕೆಯಾಗಿ ಕೂತಿತ್ತು.

“ಇದು ಭಾವನ ಫೋನಿನ್ಯಾಗೂ ಕಾಣ್ತದೇನು?” ಎಂದು ಕೇಳಿದಳು ಅಕ್ಕ.

“ನೋಡ್ಬೇಕಂದ್ರ ಕಾಣ್ತದ.”

ಅವಳ ನಗು ನಿಂತಿತು. “ತಗಿ ಮೊದಲ,” ಎಂದಳು. ಆ ಚುಕ್ಕೆ ಅಳಿಸಿದೆ. ಭಾವನ ಇಮೇಲ್ ತೆಗೆದೆ. ಫೋಟೋಗಳು ತಾವಾಗಿಯೇ ಎಲ್ಲಿಗೋ ಹತ್ತಿಹೋಗುವುದನ್ನು ನಿಲ್ಲಿಸಿದೆ. ನನ್ನಲ್ಲಿದ್ದ ಆ್ಯಪುಗಳನ್ನೇ ಅವಳಿಗೂ ಹಾಕಿಕೊಟ್ಟೆ. ಅವಳ ಗಂಡನಿಗೆ ಫೋನ್ ಹಚ್ಚಿ ಅವನ ಫೋನಿನಲ್ಲಿಯೂ ಹೊಸ ಸಂದೇಶದ ಆ್ಯಪ್ ಹಾಕಿಸಿದೆ. ಅವನು ಕಡಿಮೆ ಮಾತಿನ ಮನುಷ್ಯ. “ಹೂಂ, ಛಲೋ ಆತು,” ಎಂದ. ಕೊನೆಗೆ ಅಕ್ಕ ತಾನೇ ಬೆರಳೊತ್ತಿ ಎರಡೂ ಕಡೆಯ ಬಳಗದ ಗ್ರೂಪುಗಳಿಂದ ಹೊರಬಂದಳು.

ಮುನ್ನೂರು ಜನರ ಗ್ರೂಪಿನಿಂದ ಒಬ್ಬಳು ಹೊರಬಿದ್ದರೆ ನಮ್ಮಲ್ಲಿ ಹೇಗೆ ಕಾಣುತ್ತದೆಂದರೆ, ಪಂಕ್ತಿಯ ನಡುವಿನಿಂದ ಎದ್ದು ಹೋದ ಹಾಗೆ. ಮರುದಿನ ಬೆಳಿಗ್ಗೆಯೇ ಕಾಕಾ ಬಂದರು. ಅಪ್ಪನ ತಮ್ಮ, ದನದ ಸಂತೆಗಳಲ್ಲಿ ಎತ್ತಿನ ವ್ಯಾಪಾರ ಕುದುರಿಸುವವರು. ಅಪ್ಪ ಪೇಪರ್ ಓದುತ್ತಿದ್ದ.

“ಏನವ್ವಾ ವಿರೋಧ ಪಕ್ಷ, ನಿಮ್ಮಕ್ಕ ಗ್ರೂಪಿನ್ಯಾಗಿಂದ ಎದ್ದು ಹೋಗ್ಯಾಳ? ಯಾರರ ಏನರ ಅಂದಾರೇನು?”

“ಯಾರೂ ಏನೂ ಅಂದಿಲ್ರಿ ಕಾಕಾ. ಆಕಿಗಿ ಬ್ಯಾಡಾಗ್ಯಾದ.”

“ನಿನಗ ಹತ್ತಿದ ಹುಚ್ಚು ಆಕಿಗೂ ಹಚ್ಚಿದಿ. ಮುಚ್ಚಿಡೋಂಥಾದ್ದು ಏನದ ನಮ್ಮ ಹತ್ರ? ಕಳವು ಮಾಡೀವೇನು?”

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಎಲ್ಲರೂ ಇದನ್ನೇ ಕೇಳುತ್ತಾರೆ, ಕೇಳಿದ ಕೂಡಲೇ ಗೆದ್ದೆವೆಂದು ಮೀಸೆ ತಿರುವುತ್ತಾರೆ.

“ಕಾಕಾ, ಸಂತ್ಯಾಗ ಎತ್ತಿನ ರೇಟ್ ಹೆಂಗ ಮಾತಾಡ್ತೀರಿ?”

“ಹೆಂಗ ಅಂದ್ರ? ಟವಲ್ ಹಾಕೋದು, ಟವಲಿನ ಕೆಳಗ ಬೆರಳು ಹಿಡಿಯೋದು.”

“ಟವಲ್ ಯಾಕ್ರಿ?”

“ಸುತ್ತ ಮಂದಿ ನಿಂತಿರ್ತದಲ್ಲವಾ, ನೋಡಿಬಿಟ್ರ—” ಎಂದು ಅರ್ಧಕ್ಕೆ ನಿಲ್ಲಿಸಿದರು.

“ಕಳವು ಮಾಡಾಕತ್ತೀರೇನ್ರಿ?”

ಅಪ್ಪನ ಪೇಪರ್ ಸಣ್ಣಗೆ ಅಲುಗಾಡಿತು, ಅದರ ಹಿಂದೆ ಯಾರೋ ನಗುತ್ತಿದ್ದ ಹಾಗೆ. ಕಾಕಾ ಹೆಗಲ ಮೇಲಿನ ಟವಲನ್ನು ಒಮ್ಮೆ ನೋಡಿಕೊಂಡರು. ಆದರೆ ಅವರೂ ಸಂತೆಯಲ್ಲಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವವರು, ಅಷ್ಟು ಸುಲಭಕ್ಕೆ ಬಿಡುವವರಲ್ಲ.

“ಅದು ಇರ್ಲಿ. ನಿನ್ನ ಫೋನ್ ಯಾರದು? ಅದರ ಒಳಗಿಂದು ಅದಾ ದೊಡ್ಡ ಕಂಪನಿದಲ್ಲೇನು? ಒಳಗಿನ ಎಂಜಿನ್ ಅವರದು, ಮ್ಯಾಲಿನ ಬಣ್ಣ ನಿಂದು. ಆಮ್ಯಾಗ ದೊಡ್ಡ ದೊಡ್ಡ ಮಾತಾಡ್ತಿ.”

ಪೆಟ್ಟು ಸರಿಯಾಗಿಯೇ ಬಿತ್ತು. ಒಪ್ಪಿಕೊಂಡೆ. ಹಣ ಕಳಿಸುವ ಆ್ಯಪಂತೂ ಇನ್ನೂ ಹಳೆಯದೇ ಇತ್ತು, ಅದನ್ನೂ ನಾನೇ ಹೇಳಿದೆ. ಆಮೇಲೆ ಕೇಳಿದೆ:

“ಬೀದಿ ತುಂಬಾ ಧೂಳದ ಅಂತ ಕಾಕೂ ಮನಿ ಕಸಾ ಹೊಡಿಯೋದು ಬಿಟ್ಟಾಳೇನ್ರಿ?”

“ನಿನ್ನ ಗಂಡನಾಗಾವ ಪಾಪ ಎಲ್ಲಿದ್ದಾನೋ ಏನೋ,” ಎಂದು ಕಾಕಾ ಎದ್ದರು. ಅದು ವಾದವಲ್ಲ, ಮೈದಾನ ಬಿಡುವಾಗ ಹೇಳುವ ಮಾತು. ನಾನು ಅಂಕ ಬರೆದುಕೊಂಡೆ.

ಇನ್ನು ಕುಬಸ. ಕುಬಸ ಎಂದರೆ ರವಿಕೆ. ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ ತೊಡಿಸಿ ಉಡಿ ತುಂಬುವುದು ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಊರಿಗೆ ಹೇಳಿ ಮಾಡುವಂಥದು, ತಿಂಗಳು ತುಂಬುತ್ತ ಬಂದಾಗ. ಅದಕ್ಕೂ ಮುಂಚೆ, ಮೂರನೇ ತಿಂಗಳಲ್ಲಿ, ನಮ್ಮ ಕಡೆ ಇನ್ನೊಂದಿದೆ. ಅದಕ್ಕೆ ಕಳ್ಳ ಕುಬಸ ಎನ್ನುತ್ತಾರೆ. ಯಾರನ್ನೂ ಕರೆಯುವುದಿಲ್ಲ. ಬಾಗಿಲು ಮುಂದೆ ಮಾಡಿಕೊಂಡು, ಮನೆಯ ನಾಲ್ಕಾರು ಹೆಂಗಸರಷ್ಟೇ ಸೇರಿ, ದೀಪದ ಮುಂದೆ ಹಸಿರು ಕುಬಸ ತೊಡಿಸಿ, ಸಿಹಿ ತಿನ್ನಿಸಿ ಮುಗಿಸುವುದು. ಗಂಡಸರು ಕೇಳುವುದಿಲ್ಲ, ಹೆಂಗಸರು ಹೇಳುವುದಿಲ್ಲ. ಹಳ್ಳಿಯವರಿಗೆ ಖಾಸಗಿತನ ಎಂದರೆ ಏನೆಂದು ಗೊತ್ತಿಲ್ಲ, ಅದು ಪಟ್ಟಣದವರ ಚಾಳಿ ಎಂದು ನನ್ನೆದುರು ವಾದಿಸಿದವರು ಎಷ್ಟೋ ಜನ. ಅವರಿಗೆ ನನ್ನ ಉತ್ತರ ಈ ಕುಬಸ. ಗುಟ್ಟನ್ನು ಕಾಪಾಡುವುದಕ್ಕೆಂದೇ ಒಂದು ಶಾಸ್ತ್ರ ಮಾಡಿಕೊಂಡ ಜನ ನಾವು, ಆ ಶಾಸ್ತ್ರಕ್ಕೆ ಕಳ್ಳ ಎಂದು ಹೆಸರಿಡುವಷ್ಟು ಧೈರ್ಯವೂ ನಮಗಿತ್ತು. ನಮ್ಮಿಂದ ಅದನ್ನು ಬಿಡಿಸಿದ್ದು ಫೋನು.

ಅವ್ವನಿಗೆ ಅಕ್ಕ ಹೇಳಿದಳು, ಅವ್ವ ದಿನ ಗೊತ್ತುಮಾಡಿದಳು. ಅವ್ವನ ತಂಗಿ ಕೊಳಕೂರಿನಿಂದ ಬರಲೇಬೇಕು. ಹಸಿರು ಕುಬಸ ಹೊಲಿಸಿ ತರುವುದು ನಮ್ಮಲ್ಲಿ ಚಿಗವ್ವನ ಪಾಲು. ನಾನು ಹೆದರಿದ್ದು ಅಲ್ಲಿಯೇ. ಚಿಗವ್ವ ಪ್ರೀತಿಯ ಜೀವ, ಆದರೆ ಏನು ಕಂಡರೂ ಫೋಟೋ ಹೊಡೆದು ಸ್ಟೇಟಸ್‌ಗೆ ಹಾಕುವವಳು. ಅವಳ ಮನೆಯ ಬೆಕ್ಕು ಮರಿ ಹಾಕಿದ್ದು ಜೇವರ್ಗಿ ತಾಲ್ಲೂಕಿಗೆಲ್ಲ ಗೊತ್ತು. ಹವಳಗಾದ ಬೀಗರೂ ಅವಳ ಸ್ಟೇಟಸ್ ನೋಡುವವರೇ.

ಅದಕ್ಕೆಂದು ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಪೀಠಿಕೆ, ಮೂರು ಅಂಶ, ಉಪಸಂಹಾರ. ಸಂಜೆ ಎಲ್ಲರೂ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಸೇರಿದಾಗ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವ್ವ ರೊಟ್ಟಿ ಬುಟ್ಟಿ ತಂದು ನಡುವೆ ಇಟ್ಟಳು.

“ಎಲ್ಲಾರೂ ಫೋನ್ ಇದರಾಗ ಹಾಕ್ರಿ.”

“ಅವ್ವಾ, ನಾ ಹೇಳ್ತೇನಿ, ಯಾಕಂದ್ರ—”

“ನಿನ್ನ ಭಾಷಣಾ ಬ್ಯಾಡ. ಕಳ್ಳ ಕುಬಸ ಅಂದ್ರ ಕಳ್ಳ ಕುಬಸ. ನಿಂದೂ ಹಾಕು.”

ಚಿಗವ್ವ ಫೋನನ್ನು ಎದೆಗೆ ಒತ್ತಿಕೊಂಡಳು. “ಇದೇನಕ್ಕಾ, ಜೇಲಿಗಿ ಹೋದಂಗ ಕಸಗೊಳ್ಳಾಕತ್ತಿ? ಒಂದ ಫೋಟೋ ಹೊಡೀತೀನಿ, ಯಾರಿಗೂ ತೋರಿಸಂಗಿಲ್ಲ.”

“ಬೆಕ್ಕಿಂದೂ ಹಿಂಗಾ ಅಂದಿದ್ದಿ,” ಎಂದಳು ಅವ್ವ.

ಅಕ್ಕ ನಕ್ಕುಬಿಟ್ಟಳು. ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಚಿಗವ್ವ ಮುಖ ಊದಿಸಿಕೊಂಡು ಫೋನನ್ನು ಬುಟ್ಟಿಗೆ ಹಾಕಿದಳು. ಅವ್ವ ರೊಟ್ಟಿಗೆ ಹಾಸುವ ಬಟ್ಟೆಯನ್ನೇ ಮೇಲೆ ಮುಚ್ಚಿದಳು. ದೀಪ ಹಚ್ಚಿ, ಕುಬಸ ತೊಡಿಸಿ, ಉಡಿಗೆ ಕೊಬ್ಬರಿ, ಉತ್ತತ್ತಿ ಹಾಕುವಾಗ ಬುಟ್ಟಿಯೊಳಗಿಂದ ಒಂದು ಫೋನ್ ಗುರ್ ಎಂದು ನಡುಗಿತು. ಎಲ್ಲರೂ ಬಟ್ಟೆಯ ಕಡೆ ನೋಡಿದೆವು.

“ನಂದಾ ಅದು,” ಎಂದಳು ಚಿಗವ್ವ ಮೆಲ್ಲಗೆ.

“ಬಡ್ಕೊಳ್ಳಿ,” ಎಂದಳು ಅವ್ವ. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಹೋಳಿಗೆ ತಿಂದಾದ ಮೇಲೆ ಅಕ್ಕ ತಾನಾಗಿಯೇ ತನ್ನ ಫೋನ್ ತೆಗೆದು ನನಗೆ ಕೊಟ್ಟು ಒಂದು ಫೋಟೋ ಹೊಡೆಸಿಕೊಂಡಳು. ಅದು ಅವಳ ಫೋನಿನಲ್ಲಿ ಇದೆ, ಬೇರೆಲ್ಲೂ ಇಲ್ಲ. ಚಿಗವ್ವನಿಗೆ ಆಸೆ ತಡೆಯಲಿಲ್ಲ. ಹೊಸ ಆ್ಯಪ್ ಹಾಕಿಕೊಂಡರೆ ಕಳಿಸಬಹುದು, ಒಂದು ದಿನ ನೋಡಿಕೊಳ್ಳಬಹುದು, ಆಮೇಲೆ ತಾನೇ ಅಳಿಸಿಹೋಗುತ್ತದೆ ಎಂದು ವಿವರಿಸಿದೆ.

“ಅಳಿಸಿ ಹೋಗೋ ಫೋಟೋ ತಗೊಂಡು ಏನ್ ಮಾಡ್ಲಿ? ಕಣ್ಣಿಲೆ ನೋಡೀನಿ, ಸಾಕ್ ಬಿಡು,” ಎಂದು ಬಸ್ಸಿಗೆ ಹೊರಟಳು. ಅವಳು ಯಾರಿಗೂ ಹೇಳಲಿಲ್ಲ. ಅಷ್ಟು ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೊಳಕೂರಿನಲ್ಲಿ ಹೇಗೆ ಓಡಾಡಿದಳೋ ಅವಳಿಗೇ ಗೊತ್ತು.

ಅಕ್ಕನನ್ನು ಬಿಡಲು ನಾನೇ ಹವಳಗಾಕ್ಕೆ ಹೋದೆ. ಪಡಸಾಲೆಯಲ್ಲಿ ಭಾವ ಕಾಯುತ್ತಿದ್ದರು. ತಲೆಯ ಮೇಲೆ ಅದೇ ಟಿವಿ. ಅವರಿಗೆ ಗೊತ್ತಾಗಿತ್ತು, ತಮ್ಮ ಇಮೇಲಿನಿಂದ ಒಂದು ಫೋನ್ ಕಡಿಮೆಯಾಗಿದೆ ಎಂದು.

“ವಕೀಲಬಾಯಿ, ಫೋನ್ ಬ್ಯಾರೆ ಮಾಡಿಸಿದ್ರಂತ. ನಾಳಿ ಒಲಿನೂ ಬ್ಯಾರೆ ಮಾಡಸ್ತೀರೇನು?” ಎಂದರು. ನಗುತ್ತಲೇ ಕೇಳಿದರು, ಆದರೆ ಬೇರೆಯಾಗುವ ಮಾತು ಕೂಡಿದ ಮನೆಯಲ್ಲಿ ನಗುವ ಮಾತಲ್ಲ. ಅತ್ತೆ ಒಳಬಾಗಿಲಿಗೆ ಬಂದು ನಿಂತರು.

ನಾನು ಬಾಯಿ ತೆರೆದೆ. ಅಕ್ಕ ನನ್ನ ಮುಂಗೈ ಹಿಡಿದಳು.

“ಭಾವ, ಹ್ವಾದ ಸಲ ಈ ಟಿವಿ ಹಚ್ಚಿದ್ರಲ್ಲ, ನೆನಪದ ಏನ್ರಿ? ಅವತ್ತ ನೀವು ‘ನಾ ಅಲ್ಲಬೇ’ ಅಂದು ಬಿಡಿಸ್ಕೊಂಡ್ರಿ. ನಂಗ ಹಂಗ ಅನ್ನಾಕ ಬರ್ಲಿಲ್ರಿ.”

ಭಾವನ ಮುಖ ಇಳಿಯಿತು. ಸ್ವಲ್ಪ ಹೊತ್ತು ರಿಮೋಟನ್ನು ತಿರುಗಿಸಿದರು. “ನಾ ಎಂದರ ನಿನ್ನ ಫೋನಿನ್ಯಾಗ ಇಣುಕಿ ನೋಡೀನೇನವ್ವಾ?”

“ನೋಡಿಲ್ರಿ. ನೀವು ನೋಡಲಿಲ್ಲ ಅಂದ್ರೂ ಅದು ತೋರಿಸ್ತು. ಅದಕ್ಕಾ ಬ್ಯಾಡ ಅಂದೀನಿ. ಒಲಿ ಒಂದಾ ಇರ್ಲಿ.”

ಅತ್ತೆ ಅಕ್ಕನ ಮುಖವನ್ನು ಒಂದು ಸಲ ನೋಡಿದರು, ಕೇಳಲಿಲ್ಲ, ಒಳಗೆ ಹೋದರು. ಭಾವ ಟಿವಿ ಹಚ್ಚಲಿಲ್ಲ. ಚಹಾ ಬಂತು. ಕಬ್ಬಿನ ಮಾತು ಬಂತು.

ಆಮೇಲಿನ ವಾರಗಳಲ್ಲಿ ನಾನು ಹೆದರಿಕೊಂಡೇ ಇದ್ದೆ. ಎಲ್ಲಿ ಯಾವ ಕಿಂಡಿ ಬಿಟ್ಟೆನೋ ಎಂದು ರಾತ್ರಿ ಎದ್ದು ಯೋಚಿಸುತ್ತಿದ್ದೆ. ಅಕ್ಕ ಮಧ್ಯಾಹ್ನ ವಿಡಿಯೋ ನೋಡುತ್ತಿದ್ದಳು. ಪಡಸಾಲೆಯ ಟಿವಿಯಲ್ಲಿ ಟ್ರ್ಯಾಕ್ಟರ್, ಎತ್ತು, ಕುಸ್ತಿ ಮಾತ್ರ ಬರುತ್ತಿದ್ದವಂತೆ. ಐದನೇ ತಿಂಗಳು ಹಿಡಿದ ಮೇಲೆ ಒಂದು ದಿನ ಹೊಸ ಆ್ಯಪಿನಲ್ಲಿ ಅವಳ ಧ್ವನಿ ಬಂತು. ಹಿಂದೆ ರೊಟ್ಟಿ ಬಡಿಯುವ ಸದ್ದು.

“ಹೇಳಿದೆ. ಅತ್ತಿ ರೊಟ್ಟಿ ಬಡಿಯಾಕತ್ತಿದ್ರು, ಬಾಜೂಕ ಕುಂತು ನಾನಾ ಹೇಳಿದೆ. ಇಷ್ಟ ದಿನಾ ಯಾಕ್ ಹೇಳ್ಲಿಲ್ಲ ಅಂತ ಸಿಟ್ಟಾಗ್ಯಾರ. ಮಾತು ಬಿಟ್ಟಾರ. ಬಿಡ್ಲಿ. ನಾನಾ ಹೇಳೀನಿ ನೋಡು.”

ಅತ್ತೆಯ ಮುನಿಸು ಸುಮಾರು ದಿನ ನಡೆಯಿತು. ಅದನ್ನು ನಾನು ಅನ್ಯಾಯ ಎನ್ನುವುದಿಲ್ಲ, ಅವರಿಗೂ ನೋವಾಗಿತ್ತು. ಆದರೆ ಆ ಜಗಳ ಅತ್ತೆ ಸೊಸೆಯರದು. ಅದರಲ್ಲಿ ಮೂರನೆಯವರು ಇರಲಿಲ್ಲ, ಯಂತ್ರವೂ ಇರಲಿಲ್ಲ. ಹಾಗೆ ಜಗಳವಾಡುವುದಕ್ಕೂ ಒಂದು ಸ್ವಾತಂತ್ರ್ಯ ಬೇಕು.

ಈಗ ಏಳು ತುಂಬುತ್ತಿದೆ. ಬರುವ ವಾರ ಹವಳಗಾದಲ್ಲಿ ದೊಡ್ಡ ಕುಬಸ. ಪೆಂಡಾಲು, ಹಾಡು ಹೇಳುವವರು, ಊರಿಗೆಲ್ಲ ಊಟ. ಚಿಗವ್ವ ಎರಡು ಫೋನ್ ಚಾರ್ಜ್ ಮಾಡಿಟ್ಟುಕೊಂಡಿದ್ದಾಳೆಂದು ಕೇಳಿದೆ. ನಿನ್ನೆ ಭಾವನ ಫೋನ್ ಬಂತು.

“ಒಂದು ಮಾತು ಕೇಳ್ಬೇಕಿತ್ತು ನೋಡ್ರಿ. ಕುಬಸದ ಫೋಟೋ ಗ್ರೂಪಿಗಿ ಹಾಕ್ಬೇಕಂತೀನಿ. ನಿಮ್ಮಕ್ಕಗ ಕೇಳಿದ್ರ ‘ನೋಡೂಣು’ ಅಂದಾಳ. ನೋಡೂಣು ಅಂದ್ರ ಹೂಂ ಏನು, ಇಲ್ಲ ಏನು?”

“ನೋಡೂಣು ಅಂದ್ರ ನೋಡೂಣು ರಿ ಭಾವ.”

“ಅಂದ್ರ ಕಾಯ್ಬೇಕು.”

“ಕಾಯ್ರಿ,” ಎಂದೆ.